ಸ್ನಾಯುಗಳ ಕಾರ್ಯವಿಧಾನ ಮತ್ತು ಸ್ನಾಯುರೋಗಗಳು

ಸ್ನಾಯು ಎಂಬುದು ಸಂಕೋಚಿಸುವ ಸಾಮರ್ಥ್ಯವುಳ್ಳ ಜೀವಕೋಶಗಳಿಂದ ರಚಿತವಾದ ಅಂಗಾಂಶ. ಆಹಾರದಿಂದ ದೊರೆತ ರಾಸಾಯನಿಕ ಶಕ್ತಿಯನ್ನು ಇದು ಚಲನೆಯನ್ನಾಗಿಯೂ ಶಾಖವನ್ನಾಗಿಯೂ ಪರಿವರ್ತಿಸುತ್ತದೆ. ನಡಿಗೆ, ಮಾತು, ಕಣ್ಣಿನ ಚಲನೆ, ಉಸಿರಾಟ, ಹೃದಯದ ಬಡಿತ, ಕರುಳಿನಲ್ಲಿ ಆಹಾರದ ಸಾಗಣೆ, ಹೆರಿಗೆ ಮುಂತಾದ ಕ್ರಿಯೆಗಳೆಲ್ಲವೂ ಸ್ನಾಯುಗಳಿಂದಲೇ ನಡೆಯುತ್ತವೆ. ಮಾನವನ ದೇಹದಲ್ಲಿ 600ಕ್ಕೂ ಹೆಚ್ಚು ಅಸ್ಥಿಸ್ನಾಯುಗಳಿದ್ದು, ವಯಸ್ಕರ ದೇಹತೂಕದ ಸುಮಾರು ಶೇಕಡಾ 30ರಿಂದ 40ರಷ್ಟು ಭಾಗ ಇವುಗಳದ್ದೇ ಆಗಿರುತ್ತದೆ.

ಒಂದು ಸ್ನಾಯು ಸಂಕೋಚಿಸಬೇಕಾದರೆ ಮಿದುಳಿನ ಆಜ್ಞೆ ಬೆನ್ನುಹುರಿಗೆ, ಅಲ್ಲಿಂದ ನರಕ್ಕೆ, ನರದಿಂದ ನರ-ಸ್ನಾಯು ಸಂಧಿಗೆ, ಬಳಿಕ ಸ್ನಾಯುಕೋಶದ ಪೊರೆಗೆ ಮತ್ತು ಕೊನೆಗೆ ಕೋಶದೊಳಗಿನ ಪ್ರೋಟೀನ್ ಎಳೆಗಳಿಗೆ ತಲುಪಬೇಕು. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಹೊರಗೆ ಕಾಣುವ ಮುಖ್ಯ ಲಕ್ಷಣ ಸಾಮಾನ್ಯವಾಗಿ ಒಂದೇ, ಅದು ದೌರ್ಬಲ್ಯ. ಆದರೆ ಯಾವ ಕೊಂಡಿ ಕಳಚಿದೆ ಎಂಬುದರ ಮೇಲೆ ರೋಗದ ಹೆಸರು, ಅದರ ಗತಿ ಮತ್ತು ಚಿಕಿತ್ಸೆ ಪೂರ್ಣವಾಗಿ ಬದಲಾಗುತ್ತವೆ. ಆದುದರಿಂದ ಸ್ನಾಯುರೋಗಗಳನ್ನು ಅರಿಯಲು ಸ್ನಾಯುವಿನ ಸಹಜ ಕಾರ್ಯವಿಧಾನವನ್ನು ಮೊದಲು ತಿಳಿಯುವುದು ಅಗತ್ಯ.

ವಿಧಗಳು

ರಚನೆ ಮತ್ತು ನಿಯಂತ್ರಣದ ಆಧಾರದ ಮೇಲೆ ಸ್ನಾಯುಗಳನ್ನು ಮೂರು ವಿಧಗಳಾಗಿ ವಿಂಗಡಿಸಲಾಗಿದೆ.

• ಅಸ್ಥಿಸ್ನಾಯು: ಮೂಳೆಗಳಿಗೆ ಅಂಟಿಕೊಂಡಿರುವ, ನಮ್ಮ ಇಚ್ಛೆಗೆ ಒಳಪಟ್ಟಿರುವ ಸ್ನಾಯು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇದರಲ್ಲಿ ಅಡ್ಡಪಟ್ಟೆಗಳು ಕಾಣುತ್ತವೆ. ಇದರ ಪ್ರತಿಯೊಂದು ತಂತುವೂ ಅನೇಕ ಕೋಶಕೇಂದ್ರಗಳಿರುವ ಒಂದೇ ಉದ್ದನೆಯ ಜೀವಕೋಶ.
• ಹೃದಯಸ್ನಾಯು: ಹೃದಯದ ಗೋಡೆಯಲ್ಲಿ ಮಾತ್ರ ಇರುವ ಇದರಲ್ಲಿಯೂ ಅಡ್ಡಪಟ್ಟೆಗಳಿವೆ, ಆದರೆ ಇದು ಇಚ್ಛೆಗೆ ಒಳಪಟ್ಟಿಲ್ಲ. ಇದರ ಕೋಶಗಳು ಒಂದಕ್ಕೊಂದು ವಿದ್ಯುತ್ ಸಂಪರ್ಕ ಹೊಂದಿರುವುದರಿಂದ ಒಟ್ಟಾಗಿ ಮಿಡಿಯುತ್ತವೆ. ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ.
• ನಯಸ್ನಾಯು: ಜಠರ, ಕರುಳು, ರಕ್ತನಾಳ, ಶ್ವಾಸನಾಳ, ಮೂತ್ರಕೋಶ ಮತ್ತು ಗರ್ಭಕೋಶಗಳ ಗೋಡೆಗಳಲ್ಲಿ ಇರುತ್ತದೆ. ಅಡ್ಡಪಟ್ಟೆಗಳಿಲ್ಲದ ಈ ಸ್ನಾಯು ನಿಧಾನವಾಗಿ ಸಂಕೋಚಿಸಿ, ಹೆಚ್ಚು ದಣಿಯದೆ ಬಹುಕಾಲ ಬಿಗಿಯಾಗಿರಬಲ್ಲದು.

ಈ ಲೇಖನದಲ್ಲಿ ಮುಖ್ಯವಾಗಿ ಅಸ್ಥಿಸ್ನಾಯುವನ್ನು ಕುರಿತು ವಿವರಿಸಲಾಗಿದೆ.

ರಚನೆ

ಅಸ್ಥಿಸ್ನಾಯುವನ್ನು ಒಂದು ಹಗ್ಗಕ್ಕೆ ಹೋಲಿಸಬಹುದು. ಹಗ್ಗ ಹುರಿಗಳಿಂದಲೂ ಹುರಿ ನಾರುಗಳಿಂದಲೂ ಆಗಿರುವಂತೆ, ಸ್ನಾಯು ತಂತುಗಳ ಕಟ್ಟುಗಳಿಂದಲೂ ಆ ಕಟ್ಟುಗಳು ಸ್ನಾಯುತಂತುಗಳಿಂದಲೂ ಆಗಿವೆ. ಪ್ರತಿ ತಂತುವಿನೊಳಗೆ ಉದ್ದಕ್ಕೂ ಸಾಗುವ ನೂರಾರು ಸೂಕ್ಷ್ಮತಂತುಗಳಿವೆ. ಸೂಕ್ಷ್ಮತಂತುವು ಸಾರ್ಕೋಮಿಯರ್ ಎಂಬ ಘಟಕಗಳ ಸರಣಿ. ವಿಶ್ರಾಂತಿಯಲ್ಲಿರುವ ಒಂದು ಸಾರ್ಕೋಮಿಯರಿನ ಉದ್ದ ಸುಮಾರು 2ರಿಂದ 2.5 ಮೈಕ್ರೊಮೀಟರ್. ಅಂದರೆ ಒಂದು ಸೆಂಟಿಮೀಟರ್ ಉದ್ದದ ಸೂಕ್ಷ್ಮತಂತುವಿನಲ್ಲಿ ನಾಲ್ಕರಿಂದ ಐದು ಸಾವಿರ ಸಾರ್ಕೋಮಿಯರ್‌ಗಳು ಸಾಲಾಗಿ ಜೋಡಣೆಗೊಂಡಿರುತ್ತವೆ.

ಸಾರ್ಕೋಮಿಯರಿನಲ್ಲಿ ಎರಡು ಬಗೆಯ ಎಳೆಗಳಿವೆ. ದಪ್ಪ ಎಳೆ ಮಯೋಸಿನ್ ಎಂಬ ಪ್ರೋಟೀನಿನದು. ತೆಳು ಎಳೆ ಮುಖ್ಯವಾಗಿ ಆಕ್ಟಿನ್ ಎಂಬ ಪ್ರೋಟೀನಿನದು. ತೆಳು ಎಳೆಯ ಮೇಲೆ ಟ್ರೋಪೊಮಯೋಸಿನ್ ಮತ್ತು ಟ್ರೋಪೊನಿನ್ ಎಂಬ ನಿಯಂತ್ರಕ ಪ್ರೋಟೀನುಗಳೂ ಇವೆ. ಟೈಟಿನ್ ಎಂಬ ಪ್ರೋಟೀನ್ ಸ್ಪ್ರಿಂಗಿನಂತೆ ವರ್ತಿಸಿ, ದಪ್ಪ ಎಳೆಗಳನ್ನು ಅವುಗಳ ಸ್ಥಾನದಲ್ಲಿ ಹಿಡಿದಿಡುತ್ತದೆ. ತಿಳಿದಿರುವ ಮಾನವ ಪ್ರೋಟೀನುಗಳಲ್ಲಿ ಇದೇ ಅತಿ ದೊಡ್ಡದು. ಸ್ನಾಯುವಿನ ತುದಿಗಳು ಸ್ನಾಯುರಜ್ಜುಗಳಾಗಿ ಮುಂದುವರಿದು ಮೂಳೆಗೆ ಸೇರುತ್ತವೆ.

ಸಂಕೋಚನದ ಕ್ರಿಯೆ

ಆಜ್ಞೆಯ ಹಾದಿ

ಬೆನ್ನುಹುರಿಯಲ್ಲಿರುವ ಒಂದು ಚಾಲಕ ನರಕೋಶ ಮತ್ತು ಅದು ನಿಯಂತ್ರಿಸುವ ಎಲ್ಲ ಸ್ನಾಯುತಂತುಗಳನ್ನು ಸೇರಿಸಿ ಚಾಲಕ ಘಟಕ ಎನ್ನುತ್ತಾರೆ. ಕಣ್ಣುಗುಡ್ಡೆಯನ್ನು ಹೊರಳಿಸುವ ಸ್ನಾಯುಗಳಲ್ಲಿ ಒಂದು ನರಕೋಶ ಕೆಲವೇ ತಂತುಗಳನ್ನು ನಿಯಂತ್ರಿಸಿದರೆ, ತೊಡೆಯ ಸ್ನಾಯುಗಳಲ್ಲಿ ಈ ಸಂಖ್ಯೆ ಸಾವಿರವನ್ನೂ ಮೀರಬಹುದು. ಮೊದಲನೆಯದರಿಂದ ನಿಖರತೆಯೂ ಎರಡನೆಯದರಿಂದ ಬಲವೂ ದೊರೆಯುತ್ತವೆ. ಭಾರ ಹೆಚ್ಚಿದಂತೆ ಮಿದುಳು ಇನ್ನಷ್ಟು ಚಾಲಕ ಘಟಕಗಳನ್ನು ಕೆಲಸಕ್ಕೆ ತೊಡಗಿಸುತ್ತದೆ.

ನರದ ತುದಿ ಸ್ನಾಯುತಂತುವನ್ನು ಮುಟ್ಟುವುದಿಲ್ಲ. ಎರಡರ ನಡುವೆ ಅತಿ ಕಿರಿದಾದ ಸಂದು ಇರುತ್ತದೆ. ವಿದ್ಯುತ್ ಸಂಕೇತವು ನರದ ತುದಿಗೆ ಬಂದಾಗ ಅಲ್ಲಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ, ಸಂದನ್ನು ದಾಟಿ, ಸ್ನಾಯುಪೊರೆಯ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಇದರಿಂದ ಪೊರೆಯಲ್ಲಿ ಹೊಸ ವಿದ್ಯುತ್ ಸಂಕೇತ ಹುಟ್ಟಿ ತಂತುವಿನ ಆಳಕ್ಕೆ ಹರಡುತ್ತದೆ. ಕೆಲಸ ಮುಗಿಸಿದ ಅಸಿಟೈಲ್‌ಕೋಲಿನನ್ನು ಕೋಲಿನೆಸ್ಟರೇಸ್ ಎಂಬ ಕಿಣ್ವ ಕೂಡಲೇ ಒಡೆದುಹಾಕುತ್ತದೆ.

ಎಳೆಗಳ ಜಾರುವಿಕೆ

ಸ್ನಾಯುತಂತುವಿನ ಒಳಗಿನ ಜಾಲರಿಯಂತಹ ಚೀಲಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು ಸಂಗ್ರಹವಾಗಿರುತ್ತವೆ. ವಿದ್ಯುತ್ ಸಂಕೇತ ತಲುಪಿದೊಡನೆ ಇವು ಹೊರಬಿದ್ದು ಟ್ರೋಪೊನಿನಿಗೆ ಅಂಟಿಕೊಳ್ಳುತ್ತವೆ. ಆಗ ಟ್ರೋಪೊಮಯೋಸಿನ್ ಪಕ್ಕಕ್ಕೆ ಸರಿದು, ಆಕ್ಟಿನ್ ಎಳೆಯ ಮೇಲಿನ ಹಿಡಿತದ ತಾಣಗಳು ತೆರೆದುಕೊಳ್ಳುತ್ತವೆ. ಮಯೋಸಿನ್ ಎಳೆಯಿಂದ ಚಾಚಿರುವ ತಲೆಗಳು ಈ ತಾಣಗಳನ್ನು ಹಿಡಿದು, ಬಾಗಿ, ಆಕ್ಟಿನ್ ಎಳೆಯನ್ನು ಕೆಲವು ನ್ಯಾನೊಮೀಟರ್‌ನಷ್ಟು ಎಳೆದು, ಬಿಟ್ಟು, ಮತ್ತೆ ಮುಂದಿನ ತಾಣವನ್ನು ಹಿಡಿಯುತ್ತವೆ. ಬಾವಿಯಿಂದ ನೀರು ಸೇದುವವರು ಹಗ್ಗವನ್ನು ಒಂದು ಕೈ ಬಿಟ್ಟು ಇನ್ನೊಂದು ಕೈಯಿಂದ ಹಿಡಿಯುತ್ತ ಮೇಲೆಳೆಯುವ ರೀತಿಯನ್ನು ಇದು ಹೋಲುತ್ತದೆ. ಎಳೆಗಳು ಕುಗ್ಗುವುದಿಲ್ಲ, ಒಂದರ ಪಕ್ಕದಲ್ಲಿ ಇನ್ನೊಂದು ಜಾರುತ್ತದೆ. ಪ್ರತಿ ಸಾರ್ಕೋಮಿಯರ್ 2.5ರಿಂದ 2 ಮೈಕ್ರೊಮೀಟರಿಗೆ ಕಿರಿದಾದರೆ, 10 ಸೆಂಟಿಮೀಟರ್ ಉದ್ದದ ತಂತು 8 ಸೆಂಟಿಮೀಟರಿಗೆ ಇಳಿಯುತ್ತದೆ.

ಸಡಿಲಗೊಳ್ಳುವಿಕೆ

ಸ್ನಾಯು ಸಡಿಲಗೊಳ್ಳಲು ಸಹ ಶಕ್ತಿ ಬೇಕು. ಮಯೋಸಿನ್ ತಲೆ ಆಕ್ಟಿನನ್ನು ಬಿಡಬೇಕಾದರೆ ಅದಕ್ಕೆ ಹೊಸ ಎಟಿಪಿ ಅಣು ದೊರೆಯಬೇಕು. ಕ್ಯಾಲ್ಸಿಯಂ ಅನ್ನು ಚೀಲಗಳಿಗೆ ಹಿಂದಿರುಗಿಸುವ ಪಂಪುಗಳಿಗೂ ಎಟಿಪಿ ಬೇಕು. ಮರಣಾನಂತರ ಎಟಿಪಿ ಉತ್ಪಾದನೆ ನಿಲ್ಲುವುದರಿಂದ ಮಯೋಸಿನ್ ತಲೆಗಳು ಹಿಡಿದ ಹಿಡಿತವನ್ನು ಬಿಡಲಾರದೆ ಶವವು ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುತ್ತದೆ. ಒಂದೆರಡು ದಿನಗಳ ಬಳಿಕ ಪ್ರೋಟೀನುಗಳು ಕೊಳೆಯತೊಡಗಿದಾಗ ಈ ಸೆಟೆತ ಹೋಗುತ್ತದೆ.

ಶಕ್ತಿಯ ಮೂಲಗಳು

ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಕೆಲವೇ ಕ್ಷಣಗಳಿಗೆ ಸಾಕಾಗುತ್ತದೆ. ಆದುದರಿಂದ ಅದನ್ನು ನಿರಂತರವಾಗಿ ಪುನಃ ತಯಾರಿಸಬೇಕಾಗುತ್ತದೆ. ಇದಕ್ಕೆ ಮೂರು ಮಾರ್ಗಗಳಿವೆ.

• ಕ್ರಿಯಾಟಿನ್ ಫಾಸ್ಫೇಟ್: ತಕ್ಷಣ ದೊರೆಯುವ ಶಕ್ತಿ, ಸುಮಾರು 10 ಸೆಕೆಂಡುಗಳ ತೀವ್ರ ಶ್ರಮಕ್ಕೆ ಸಾಕಾಗುತ್ತದೆ.
• ಗ್ಲೈಕೊಜನ್ ವಿಭಜನೆ: ಆಮ್ಲಜನಕವಿಲ್ಲದೆಯೂ ನಡೆಯಬಲ್ಲದು, ಲ್ಯಾಕ್ಟೇಟ್ ಉಂಟಾಗುತ್ತದೆ. ಒಂದೆರಡು ನಿಮಿಷಗಳ ಬಿರುಸಿನ ಓಟದಲ್ಲಿ ಇದೇ ಪ್ರಧಾನ.
• ಆಮ್ಲಜನಕ ಬಳಸುವ ಉಸಿರಾಟಕ್ರಿಯೆ: ಕೋಶದ ಮೈಟೊಕಾಂಡ್ರಿಯಗಳಲ್ಲಿ ಸಕ್ಕರೆ ಮತ್ತು ಕೊಬ್ಬುಗಳಿಂದ ಹೆಚ್ಚಿನ ಎಟಿಪಿ ತಯಾರಾಗುತ್ತದೆ. ದೀರ್ಘಕಾಲದ ನಡಿಗೆ, ಹೊಲದ ಕೆಲಸ, ದೂರದ ಓಟಗಳಿಗೆ ಇದು ಆಧಾರ.

ನಿಧಾನ ತಂತುಗಳಲ್ಲಿ ಮೈಟೊಕಾಂಡ್ರಿಯಗಳೂ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನೂ ಹೆಚ್ಚಾಗಿದ್ದು, ಅವು ಬೇಗ ದಣಿಯುವುದಿಲ್ಲ. ವೇಗದ ತಂತುಗಳು ಹೆಚ್ಚು ಬಲ ನೀಡಿದರೂ ಬೇಗ ದಣಿಯುತ್ತವೆ. ಬಳಸಿದ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಕೆಲಸವಾಗಿ ಪರಿಣಮಿಸಿ, ಉಳಿದದ್ದು ಶಾಖವಾಗುತ್ತದೆ. ಚಳಿಯಲ್ಲಿ ಮೈ ನಡುಗುವುದು ಈ ಶಾಖವನ್ನು ಪಡೆಯಲು ದೇಹ ಕೈಗೊಳ್ಳುವ ಉಪಾಯ.

ಮೂಳೆ ಮತ್ತು ಸ್ನಾಯು

ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಹೀಗಾಗಿ ಪ್ರತಿ ಕೀಲಿನಲ್ಲಿಯೂ ವಿರುದ್ಧ ದಿಕ್ಕಿಗೆ ಎಳೆಯುವ ಸ್ನಾಯುಗಳಿವೆ. ತೋಳಿನ ಮುಂಭಾಗದ ಬೈಸೆಪ್ಸ್ ಮೊಣಕೈಯನ್ನು ಮಡಿಸಿದರೆ, ಹಿಂಭಾಗದ ಟ್ರೈಸೆಪ್ಸ್ ಅದನ್ನು ನೇರವಾಗಿಸುತ್ತದೆ. ಬೈಸೆಪ್ಸ್ ಮೊಣಕೈಯಿಂದ ಕೇವಲ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಮೂಳೆಗೆ ಸೇರುತ್ತದೆ. ಅಂಗೈ ಅದರ ಹಲವು ಪಟ್ಟು ದೂರದಲ್ಲಿದೆ. ಈ ಸನ್ನೆಯ ವ್ಯವಸ್ಥೆಯಿಂದಾಗಿ ಮೊಣಕೈಯನ್ನು ಮಡಿಸಿ ಅಂಗೈಯಲ್ಲಿ 5 ಕಿಲೋಗ್ರಾಂ ಭಾರ ಹಿಡಿಯಲು ಸ್ನಾಯು ಅದರ ಏಳೆಂಟು ಪಟ್ಟು ಬಲ ಪ್ರಯೋಗಿಸಬೇಕಾಗುತ್ತದೆ. ಇದಕ್ಕೆ ಪ್ರತಿಯಾಗಿ ಕೈಯ ಚಲನೆಯ ವೇಗ ಮತ್ತು ವ್ಯಾಪ್ತಿ ಹೆಚ್ಚುತ್ತವೆ.

ಸಂಶೋಧನೆಯ ಇತಿಹಾಸ

ಇಟಲಿಯ ಲುಯಿಜಿ ಗಾಲ್ವಾನಿ ಕಪ್ಪೆಯ ಕಾಲಿನ ಸ್ನಾಯು ವಿದ್ಯುತ್ತಿನಿಂದ ಅದುರುವುದನ್ನು ಕುರಿತ ತನ್ನ ಪ್ರಯೋಗಗಳನ್ನು 1791ರಲ್ಲಿ ಪ್ರಕಟಿಸಿದನು. ಸ್ನಾಯುವಿನಲ್ಲಿ ಶಾಖೋತ್ಪತ್ತಿ ಮತ್ತು ಲ್ಯಾಕ್ಟಿಕ್ ಆಮ್ಲದ ಅಧ್ಯಯನಕ್ಕಾಗಿ ಆರ್ಚಿಬಾಲ್ಡ್ ಹಿಲ್ ಮತ್ತು ಒಟ್ಟೊ ಮೇಯರ್‌ಹಾಫ್ ಅವರಿಗೆ 1922ನೇ ಸಾಲಿನ ನೊಬೆಲ್ ಪ್ರಶಸ್ತಿ ದೊರೆಯಿತು. 1954ರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ ಎಳೆಗಳ ಜಾರುವಿಕೆಯ ಸಿದ್ಧಾಂತವನ್ನು 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರತ್ಯೇಕವಾಗಿ ಮಂಡಿಸಿದರು. ಇಬ್ಬರು ಹಕ್ಸ್‌ಲಿಯವರೂ ಸಂಬಂಧಿಗಳಲ್ಲ. ಟ್ರೋಪೊನಿನ್ ಮತ್ತು ಕ್ಯಾಲ್ಸಿಯಮ್ಮಿನ ನಿಯಂತ್ರಕ ಪಾತ್ರವನ್ನು ಜಪಾನಿನ ಸೆಟ್ಸುರೊ ಎಬಾಶಿ 1960ರ ದಶಕದಲ್ಲಿ ಸ್ಪಷ್ಟಪಡಿಸಿದರು.

ಸ್ನಾಯುರೋಗಗಳು

ನರಕೋಶದ ರೋಗಗಳು

ಇವುಗಳಲ್ಲಿ ಸ್ನಾಯು ಮೂಲತಃ ಆರೋಗ್ಯವಾಗಿದ್ದರೂ ಆಜ್ಞೆ ಬಾರದೆ ಸೊರಗುತ್ತದೆ. ಪೋಲಿಯೊ ವೈರಾಣು ಬೆನ್ನುಹುರಿಯ ಚಾಲಕ ನರಕೋಶಗಳನ್ನು ನಾಶಮಾಡುತ್ತದೆ. ಭಾರತದಲ್ಲಿ ಸಹಜ ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ದಾಖಲಾಯಿತು. 2014ರ ಮಾರ್ಚ್‌ನಲ್ಲಿ ದೇಶವನ್ನು ಪೋಲಿಯೊ ಮುಕ್ತವೆಂದು ಘೋಷಿಸಲಾಯಿತು. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ (ಎಸ್‌ಎಂಎ) ಆನುವಂಶಿಕ ರೋಗ. ಇದರಲ್ಲಿ ಎಸ್‌ಎಂಎನ್1 ಎಂಬ ಜೀನಿನ ದೋಷದಿಂದ ಇದೇ ನರಕೋಶಗಳು ಸಾಯುತ್ತವೆ. 2016ರ ನಂತರ ಇದಕ್ಕೆ ಔಷಧಗಳು ಲಭ್ಯವಾಗಿವೆ. ಸತ್ತ ನರಕೋಶಗಳು ಮರಳಿ ಬಾರದ ಕಾರಣ ಲಕ್ಷಣಗಳು ಕಾಣಿಸುವ ಮೊದಲೇ ಅಥವಾ ಕಂಡ ಕೂಡಲೇ ಚಿಕಿತ್ಸೆ ಆರಂಭಿಸಿದವರಲ್ಲಿ ಪ್ರಯೋಜನ ಹೆಚ್ಚು.

ನರ-ಸ್ನಾಯು ಸಂಧಿಯ ರೋಗಗಳು

ಮಯಸ್ತೀನಿಯಾ ಗ್ರೇವಿಸ್ ರೋಗದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಅಸಿಟೈಲ್‌ಕೋಲಿನ್ ಗ್ರಾಹಕಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಅಗಿಯುವಾಗ ದವಡೆ ಸೋಲುವುದು, ಮಾತು ತೊದಲುವುದು ಇದರ ಲಕ್ಷಣಗಳು. ಬಳಸಿದಷ್ಟೂ ಹೆಚ್ಚುವ, ವಿಶ್ರಾಂತಿಯಿಂದ ತಗ್ಗುವ ದೌರ್ಬಲ್ಯ ಇದರ ಗುರುತು. ಬೆಳಿಗ್ಗೆ ಸರಿಯಿದ್ದ ವ್ಯಕ್ತಿ ಸಂಜೆಗೆ ಬಳಲುವುದರಿಂದ ಇದನ್ನು ಸೋಮಾರಿತನ ಅಥವಾ ಮಾನಸಿಕ ತೊಂದರೆಯೆಂದು ತಪ್ಪಾಗಿ ತಿಳಿಯುವುದುಂಟು. 1934ರಲ್ಲಿ ಮೇರಿ ವಾಕರ್ ಎಂಬ ವೈದ್ಯೆ ಕೋಲಿನೆಸ್ಟರೇಸನ್ನು ತಡೆಯುವ ಫೈಸೊಸ್ಟಿಗ್ಮಿನ್ ಔಷಧದಿಂದ ಈ ದೌರ್ಬಲ್ಯ ತಾತ್ಕಾಲಿಕವಾಗಿ ಹೋಗುವುದನ್ನು ತೋರಿಸಿದರು. ಇಂದು ಪಿರಿಡೊಸ್ಟಿಗ್ಮಿನ್, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳು ಮತ್ತು ಕೆಲವರಲ್ಲಿ ಥೈಮಸ್ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆ ಬಳಕೆಯಲ್ಲಿವೆ.

ಹಲವು ವಿಷಗಳೂ ಇದೇ ಸಂಧಿಯ ಮೇಲೆ ದಾಳಿ ಮಾಡುತ್ತವೆ. ನಾಗರಹಾವಿನ ವಿಷದ ಅಂಶಗಳು ಗ್ರಾಹಕಗಳನ್ನು ಮುಚ್ಚುತ್ತವೆ. ಕಟ್ಟುಹಾವಿನ ವಿಷವು ನರದ ತುದಿಯನ್ನೇ ಹಾಳುಮಾಡುತ್ತದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ಕಚ್ಚಿದ ಜಾಗದಲ್ಲಿ ನೋವು, ಬಾವು ಇಲ್ಲದಿರಬಹುದಾದ್ದರಿಂದ ಬೆಳಗಿನ ಹೊಟ್ಟೆನೋವು ಮತ್ತು ಜೋತುಬಿದ್ದ ರೆಪ್ಪೆಗಳೇ ಮೊದಲ ಸುಳಿವಾಗಬಹುದು. ಹೀಗೆ ಪೂರ್ಣ ಪಾರ್ಶ್ವವಾಯುವಿಗೆ ಒಳಗಾದವರು ಕಣ್ಣು ತೆರೆಯಲಾರದೆ, ಮಾತನಾಡಲಾರದೆ ಸತ್ತವರಂತೆ ತೋರಿದರೂ ಅವರಿಗೆ ಪ್ರಜ್ಞೆ ಇರಬಹುದು. ವಿಷಪ್ರತಿರೋಧಕ ಔಷಧ ಮತ್ತು ಕೃತಕ ಉಸಿರಾಟದಿಂದ ಇವರನ್ನು ಉಳಿಸಲು ಸಾಧ್ಯ.

ಆರ್ಗನೊಫಾಸ್ಫೇಟ್ ಕೀಟನಾಶಕಗಳು ಕೋಲಿನೆಸ್ಟರೇಸ್ ಕಿಣ್ವವನ್ನು ತಡೆಯುತ್ತವೆ. ಅಸಿಟೈಲ್‌ಕೋಲಿನ್ ಮಿತಿಮೀರಿ ಸೇರಿ ಸ್ನಾಯುಗಳು ಮೊದಲು ಅದುರಿ ನಂತರ ನಿಶ್ಚಲವಾಗುತ್ತವೆ. ಆರಂಭಿಕ ಚಿಕಿತ್ಸೆಯಿಂದ ಚೇತರಿಸಿಕೊಂಡಂತೆ ಕಂಡ ರೋಗಿಗೂ ಒಂದರಿಂದ ನಾಲ್ಕು ದಿನಗಳೊಳಗೆ ಕತ್ತು ಮತ್ತು ಉಸಿರಾಟದ ಸ್ನಾಯುಗಳ ದೌರ್ಬಲ್ಯ ಉಂಟಾಗಬಹುದು. ಅಳತೆಯಲ್ಲಿ ಮಯಸ್ತೀನಿಯಾ ರೋಗಿಗೆ ನೆರವಾಗುವ ಕ್ರಿಯೆಯೇ ಅತಿಯಾದಾಗ ಪ್ರಾಣಾಪಾಯ ತರುತ್ತದೆ.

ಸ್ನಾಯುತಂತುವಿನ ರೋಗಗಳು

ಡುಶೆನ್ ಸ್ನಾಯುಕ್ಷಯ ಮಕ್ಕಳಲ್ಲಿ ಕಾಣುವ ಪ್ರಮುಖ ಆನುವಂಶಿಕ ಸ್ನಾಯುರೋಗ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಗಿಯೋಮ್ ಡುಶೆನ್ ಹೆಸರಿನಿಂದ ಇದನ್ನು ಕರೆಯಲಾಗಿದೆ. ಸುಮಾರು 3,500ರಿಂದ 5,000 ಗಂಡುಮಕ್ಕಳ ಜನನಕ್ಕೆ ಒಬ್ಬರಲ್ಲಿ ಇದು ಕಾಣುತ್ತದೆ. ಎಕ್ಸ್ ವರ್ಣತಂತುವಿನ ಮೇಲಿರುವ ಡಿಸ್ಟ್ರೊಫಿನ್ ಜೀನಿನ ದೋಷ ಇದಕ್ಕೆ ಕಾರಣ. ಡಿಸ್ಟ್ರೊಫಿನ್ ಪ್ರೋಟೀನ್ ಒಳಗಿನ ಎಳೆಗಳ ಎಳೆತವನ್ನು ಕೋಶಪೊರೆ ತಾಳಿಕೊಳ್ಳುವಂತೆ ಮಾಡುತ್ತದೆ. ಅದಿಲ್ಲದೆ ಪ್ರತಿ ಸಂಕೋಚನದಲ್ಲೂ ಪೊರೆ ಹರಿದು, ತಂತುಗಳು ಕ್ರಮೇಣ ಸತ್ತು, ಅವುಗಳ ಜಾಗದಲ್ಲಿ ಕೊಬ್ಬು ಮತ್ತು ನಾರಂಗಾಂಶ ತುಂಬಿಕೊಳ್ಳುತ್ತವೆ.

ಮೂರರಿಂದ ಐದು ವರ್ಷದ ಬಾಲಕ ಪದೇ ಪದೇ ಬೀಳುವುದು, ಮೆಟ್ಟಿಲು ಹತ್ತಲು ಕಷ್ಟಪಡುವುದು, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಮೇಲೇರುವುದು (ಗೋವರ್ಸ್ ಚಿಹ್ನೆ) ಇದರ ಲಕ್ಷಣಗಳು. ಮೀನಖಂಡಗಳು ದಪ್ಪಗೆ ಕಾಣುವುದರಿಂದ ಮಗು ಗಟ್ಟಿಮುಟ್ಟಾಗಿದೆ ಎಂಬ ತಪ್ಪು ಕಲ್ಪನೆಯೂ ಉಂಟಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಸಾಮಾನ್ಯವಾಗಿ ಹನ್ನೆರಡರ ವಯಸ್ಸಿನೊಳಗೆ ಗಾಲಿಕುರ್ಚಿ ಅನಿವಾರ್ಯವಾಗುತ್ತದೆ. ನಂತರ ಉಸಿರಾಟ ಮತ್ತು ಹೃದಯ ದುರ್ಬಲಗೊಳ್ಳುತ್ತವೆ. ಸ್ಟೀರಾಯ್ಡ್ ಔಷಧಗಳು, ಅಂಗಸಾಧನೆ, ಹೃದಯದ ನಿಯಮಿತ ತಪಾಸಣೆ ಮತ್ತು ಉಸಿರಾಟದ ನೆರವು ರೋಗದ ಗತಿಯನ್ನು ನಿಧಾನಗೊಳಿಸಿ ಆಯುಸ್ಸನ್ನು ಹೆಚ್ಚಿಸುತ್ತವೆ. ತಾಯಿ ದೋಷಯುಕ್ತ ಜೀನಿನ ವಾಹಕಳಾಗಿರಬಹುದು. ಆದರೆ ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ದೋಷವು ಮಗುವಿನಲ್ಲಿಯೇ ಹೊಸದಾಗಿ ಉಂಟಾಗಿರುತ್ತದೆ. ಆದುದರಿಂದ ತಾಯಿಯನ್ನು ದೂಷಿಸುವುದಕ್ಕೆ ಆಧಾರವಿಲ್ಲ. ಮುಂದಿನ ಗರ್ಭಧಾರಣೆಗೆ ಮುನ್ನ ಆನುವಂಶಿಕ ಸಲಹೆ ಪಡೆಯುವುದು ಉಪಯುಕ್ತ. ಬೆಕರ್ ಸ್ನಾಯುಕ್ಷಯ ಇದೇ ಜೀನಿನ ದೋಷದಿಂದ ಬರುವ ಸೌಮ್ಯ ರೂಪ.

ಪಾಲಿಮಯೋಸೈಟಿಸ್ ಮತ್ತು ಡರ್ಮಟೊಮಯೋಸೈಟಿಸ್ ಎಂಬುವು ಸ್ನಾಯುವಿನ ಉರಿಯೂತದ ರೋಗಗಳು. ಭುಜ, ತೊಡೆಗಳು ದುರ್ಬಲವಾಗಿ, ತಲೆ ಬಾಚುವುದು ಮತ್ತು ಕುಳಿತಲ್ಲಿಂದ ಏಳುವುದು ಕಷ್ಟವಾಗುತ್ತದೆ; ಎರಡನೆಯದರಲ್ಲಿ ಚರ್ಮದ ಮೇಲೆ ದದ್ದುಗಳೂ ಇರುತ್ತವೆ. ಇವು ಔಷಧಗಳಿಗೆ ಸ್ಪಂದಿಸುತ್ತವೆ. ಥೈರಾಯ್ಡ್ ದೋಷ, ವಿಟಮಿನ್ ಡಿ ಕೊರತೆ, ದೀರ್ಘಕಾಲದ ಸ್ಟೀರಾಯ್ಡ್ ಸೇವನೆಗಳಿಂದಲೂ ಇಂತಹುದೇ ದೌರ್ಬಲ್ಯ ಬರಬಹುದು. ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಔಷಧಗಳಿಂದ ಕೆಲವರಲ್ಲಿ ಸ್ನಾಯುನೋವು ಉಂಟಾಗುತ್ತದೆ.

ಶಕ್ತಿ, ಲವಣ ಮತ್ತು ಕ್ಯಾಲ್ಸಿಯಂ ದೋಷಗಳು

1951ರಲ್ಲಿ ಬ್ರಯಾನ್ ಮೆಕಾರ್ಡ್ಲ್ ವಿವರಿಸಿದ ರೋಗದಲ್ಲಿ ಸ್ನಾಯುವಿನ ಗ್ಲೈಕೊಜನನ್ನು ಒಡೆಯುವ ಕಿಣ್ವವಿರುವುದಿಲ್ಲ. ಬಿರುಸಿನ ಶ್ರಮದಿಂದ ನೋವು, ಸೆಳೆತ ಉಂಟಾಗುತ್ತವೆ. ಆವರ್ತಕ ಪಾರ್ಶ್ವವಾಯುವಿನಲ್ಲಿ ರಕ್ತದ ಪೊಟ್ಯಾಸಿಯಂ ಏರುಪೇರಾಗಿ ಕೈಕಾಲುಗಳು ಕೆಲವು ಗಂಟೆಗಳ ಕಾಲ ಸೋಲುತ್ತವೆ. ಥೈರಾಯ್ಡ್ ಅತಿಸ್ರಾವದೊಡನೆ ಬರುವ ಇದರ ರೂಪ ಏಷ್ಯಾದ ಪುರುಷರಲ್ಲಿ ಹೆಚ್ಚು.

ಮಾರಕ ಅತಿತಾಪ ಎಂಬುದು ಕ್ಯಾಲ್ಸಿಯಂ ಬಿಡುಗಡೆಯ ನಾಳದ ಆನುವಂಶಿಕ ದೋಷವುಳ್ಳವರಲ್ಲಿ ಕೆಲವು ಅರಿವಳಿಕೆ ಔಷಧಗಳಿಂದ ಉಂಟಾಗುವ ತುರ್ತುಸ್ಥಿತಿ. ಕ್ಯಾಲ್ಸಿಯಂ ತಡೆಯಿಲ್ಲದೆ ಹೊರಬಿದ್ದು ಸ್ನಾಯುಗಳು ಸೆಟೆದು ದೇಹದ ಉಷ್ಣತೆ ವೇಗವಾಗಿ ಏರುತ್ತದೆ. ಡಾಂಟ್ರೊಲಿನ್ ಇದಕ್ಕೆ ಔಷಧ. ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ಇಂತಹ ತೊಂದರೆಯಾಗಿದ್ದರೆ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಿಗೆ ತಿಳಿಸಬೇಕು.

ಸ್ನಾಯುನಾಶ

ಕುಸಿದ ಕಟ್ಟಡದಡಿ ಸಿಲುಕುವುದು, ಅತಿಯಾದ ವ್ಯಾಯಾಮ, ಬಿಸಿಲಿನ ಹೊಡೆತ ಅಥವಾ ವಿಷಗಳಿಂದ ಸ್ನಾಯುತಂತುಗಳು ಒಮ್ಮೆಲೇ ಒಡೆದರೆ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಹಾಳುಮಾಡಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಬಾಂಬ್ ದಾಳಿಗೆ ಸಿಲುಕಿದವರಲ್ಲಿ ಇದನ್ನು ಎರಿಕ್ ಬೈವಾಟರ್ಸ್ 1941ರಲ್ಲಿ ವಿವರಿಸಿದರು. ಮೂತ್ರ ಕಾಫಿ ಅಥವಾ ಕಡುಚಹದ ಬಣ್ಣಕ್ಕೆ ತಿರುಗುವುದು ಇದರ ಮುಖ್ಯ ಸೂಚನೆ.

ಸಾಮಾನ್ಯ ತೊಂದರೆಗಳು

• ಸೆಳೆತ: ಸ್ನಾಯು ಇದ್ದಕ್ಕಿದ್ದಂತೆ ಬಿಗಿದುಕೊಳ್ಳುವುದು. ರಾತ್ರಿ ಮೀನಖಂಡದಲ್ಲಿ ಹೆಚ್ಚು. ಪಾದವನ್ನು ಮೊಣಕಾಲಿನ ಕಡೆಗೆ ಮಡಿಸಿ ಸ್ನಾಯುವನ್ನು ಹಿಗ್ಗಿಸಿದರೆ ಶಮನವಾಗುತ್ತದೆ.
• ಉಳುಕು: ಅತಿಯಾದ ಎಳೆತದಿಂದ ತಂತುಗಳು ಹರಿಯುವುದು. ಆರಂಭದಲ್ಲಿ ವಿಶ್ರಾಂತಿ, ತಂಪುಪಟ್ಟಿ ಮತ್ತು ಬಟ್ಟೆಯ ಕಟ್ಟು, ನಂತರ ಕ್ರಮೇಣ ಚಲನೆ ಉಪಯುಕ್ತ.
• ಶ್ರಮಾನಂತರದ ನೋವು: ಅಭ್ಯಾಸವಿಲ್ಲದ ಕೆಲಸದ ನಂತರ ಒಂದರಿಂದ ಮೂರು ದಿನಗಳಲ್ಲಿ ಹೆಚ್ಚಾಗುವ ನೋವು. ಲ್ಯಾಕ್ಟಿಕ್ ಆಮ್ಲ ಇದಕ್ಕೆ ಕಾರಣವೆಂಬುದು ತಪ್ಪು ನಂಬಿಕೆ. ಅದು ಒಂದೆರಡು ಗಂಟೆಗಳಲ್ಲಿ ಕರಗಿಹೋಗುತ್ತದೆ. ತಂತುಗಳ ಸೂಕ್ಷ್ಮ ಗಾಯಗಳು ಮತ್ತು ಉರಿಯೂತ ನಿಜವಾದ ಕಾರಣ.
• ವಯೋಸಹಜ ಸ್ನಾಯುನಷ್ಟ: ವಯಸ್ಸಾದಂತೆ ಸ್ನಾಯುವಿನ ರಾಶಿ ಮತ್ತು ಬಲ ಕುಂದುತ್ತವೆ, ಬೀಳುವ ಅಪಾಯ ಹೆಚ್ಚುತ್ತದೆ. ಭಾರದ ವ್ಯಾಯಾಮ ಮತ್ತು ಸಾಕಷ್ಟು ಪ್ರೋಟೀನ್ ಸೇವನೆಯಿಂದ ಇದನ್ನು ಇಳಿವಯಸ್ಸಿನಲ್ಲಿಯೂ ತಗ್ಗಿಸಬಹುದು.

ರೋಗನಿರ್ಣಯ

ದೌರ್ಬಲ್ಯ ಯಾವ ಭಾಗದಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಕಾಲದಿಂದ ಇದೆ ಎಂಬ ವಿವರವೇ ನಿರ್ಣಯದ ಮೊದಲ ಹೆಜ್ಜೆ. ತಂತುಗಳು ಒಡೆದಾಗ ಕ್ರಿಯಾಟಿನ್ ಕೈನೇಸ್ (ಸಿಕೆ) ಎಂಬ ಕಿಣ್ವ ರಕ್ತದಲ್ಲಿ ಏರುತ್ತದೆ. ಡುಶೆನ್ ರೋಗದಲ್ಲಿ ಇದು ಸಹಜಮಟ್ಟದ ಹತ್ತಾರು ಪಟ್ಟು ಇರುತ್ತದೆ. ಯಕೃತ್ತಿನ ಪರೀಕ್ಷೆಯಲ್ಲಿ ಅಳೆಯುವ ಎಎಲ್‌ಟಿ, ಎಎಸ್‌ಟಿ ಕಿಣ್ವಗಳು ಸ್ನಾಯುವಿನಲ್ಲಿಯೂ ಇರುವುದರಿಂದ ಸ್ನಾಯುರೋಗವನ್ನು ಯಕೃತ್ತಿನ ರೋಗವೆಂದು ಭಾವಿಸಿ ತಿಂಗಳುಗಳು ವ್ಯರ್ಥವಾಗುವುದುಂಟು. ಇಂತಹ ಸಂದರ್ಭದಲ್ಲಿ ಸುಲಭವಾದ ಸಿಕೆ ಪರೀಕ್ಷೆ ಗೊಂದಲವನ್ನು ನಿವಾರಿಸುತ್ತದೆ. ನರ ಮತ್ತು ಸ್ನಾಯುವಿನ ವಿದ್ಯುತ್ ಪರೀಕ್ಷೆ, ಪ್ರತಿಕಾಯ ಪರೀಕ್ಷೆ, ಜೀನ್ ಪರೀಕ್ಷೆ, ಎಂಆರ್‌ಐ ಮತ್ತು ಸ್ನಾಯುವಿನ ಬಯಾಪ್ಸಿ ಇತರ ವಿಧಾನಗಳು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಸ್ನಾಯು ರೋಗಗಳ ತಪಾಸಣೆ ಮತ್ತು ಚಿಕಿತ್ಸೆಗಳ ಸೌಲಭ್ಯವಿದೆ.

ಎಚ್ಚರಿಕೆಯ ಲಕ್ಷಣಗಳು

ದಣಿವು ಮತ್ತು ದೌರ್ಬಲ್ಯ ಒಂದೇ ಅಲ್ಲ. ದಣಿದವರು ಕಷ್ಟಪಟ್ಟಾದರೂ ಕೆಲಸ ಮಾಡಬಲ್ಲರು. ದೌರ್ಬಲ್ಯವಿರುವವರಿಗೆ ಪ್ರಯತ್ನಿಸಿದರೂ ಅದು ಸಾಧ್ಯವಾಗುವುದಿಲ್ಲ. ಕೆಳಗಿನ ಲಕ್ಷಣಗಳಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

• ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಹೆಚ್ಚುತ್ತಿರುವ ಕೈಕಾಲುಗಳ ದೌರ್ಬಲ್ಯ.
• ಉಸಿರಾಟ, ನುಂಗುವಿಕೆ ಅಥವಾ ಕತ್ತು ಎತ್ತುವುದರಲ್ಲಿ ತೊಂದರೆ.
• ಜೋಲುವ ರೆಪ್ಪೆ, ಎರಡಾಗಿ ಕಾಣುವ ದೃಷ್ಟಿ.
• ಸ್ನಾಯುನೋವಿನೊಡನೆ ಕಡುಬಣ್ಣದ ಮೂತ್ರ.
• ನಡೆಯಲು ಕಲಿತ ಮಗು ಪದೇ ಪದೇ ಬೀಳುವುದು ಅಥವಾ ಕಲಿತ ಚಲನೆಯನ್ನು ಕಳೆದುಕೊಳ್ಳುವುದು.